ಹೂವಿನ ಎತ್ತರ

ಮನೆಯಿಂದ,
ಶುಕ್ರವಾರ ಮಧ್ಯಾಹ್ನ

ಮುನಿಸಿಕೊಂಡು ಅಕ್ಕನ ಮನೆ ಸೇರಿರುವ ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀರೋ, ಇಲ್ಲ ಅಲ್ಲೂ ತಟ್ಟೆ ಪಕ್ಕಕ್ಕೆ ತಳ್ಳಿ ಕೂತಿದ್ದೀರೋ? ಮೊಣಕಾಲಿಗೆ ಹಚ್ಚುವ ಎಣ್ಣೆ ಇಲ್ಲೇ ಉಳಿದಿದೆ, ಓದುವ ಕನ್ನಡಕದ ಡಬ್ಬಿಯೂ ಇಲ್ಲೇ ಇದೆ. ಸಿಟ್ಟೊಂದನ್ನು ಮಾತ್ರ ಮರೆಯದೆ ಕಟ್ಟಿಕೊಂಡು ಹೋಗಿದ್ದೀರಿ. ಮೊಬೈಲನ್ನು ಬೇಕೆಂದೇ ಬಿಟ್ಟು ಹೋದಿರೆಂದು ನನಗೆ ಗೊತ್ತು. ಅತ್ತಿಗೆಯ ಫೋನಿಗೆ ನಾನು ಕಳಿಸಿದ್ದನ್ನು ಅವರು ತೋರಿಸಲು ಬಂದರೆ ಮುಖ ತಿರುಗಿಸುತ್ತೀರಂತೆ. ಹೂ ತಂದ ವ್ಯಾನಿನ ಡ್ರೈವರ್ ಆ ಕಡೆಯೇ ಹಿಂದಿರುಗುತ್ತಾನೆಂದು ತಿಳಿಯಿತು. ಅವನಿಗೆ ಒಂದು ಲೋಟ ಕಾಫಿ ಕೊಟ್ಟು ಹೊರಗೆ ಕೂರಿಸಿ ಇದನ್ನು ಬರೆಯುತ್ತಿದ್ದೇನೆ. ಅವನು ದೊಡ್ಡ ಲೋಟ ಕೇಳಿದ್ದು ನನ್ನ ಪುಣ್ಯ.

ಬೇರೆಯವರ ಗಂಡಂದಿರು ಕೇಳಿಸಿದರೂ ಕೇಳಿಸದ ಹಾಗೆ ಇರುತ್ತಾರೆ. ನೀವು ಹುಟ್ಟಿದಾಗಿನಿಂದ ಕಿವಿ ಕೇಳಿಸದವರು, ಆ ದೂರು ನನಗಿಲ್ಲ. ಮೂವತ್ತು ವರ್ಷ ನಿಮ್ಮ ಜೊತೆ ಕೈಯಲ್ಲೇ ಮಾತಾಡಿದ್ದೇನೆ, ಕೈಯಲ್ಲೇ ಜಗಳವಾಡಿದ್ದೇನೆ. ಆದರೆ ಸಿಟ್ಟು ಬಂದಾಗ ನೀವು ಕಣ್ಣನ್ನೂ ಮುಚ್ಚಿಬಿಡುತ್ತೀರಲ್ಲ, ಅದು ಮಾತ್ರ ಅನ್ಯಾಯ. ಬುಧವಾರ ಹಾಗೇ ಮಾಡಿದಿರಿ. ಭುಜ ಹಿಡಿದು ಅಲುಗಿಸಿದರೂ ರೆಪ್ಪೆ ತೆರೆಯಲಿಲ್ಲ. ನಾನು ಎದುರು ನಿಂತು ಕೈ ಬೀಸುತ್ತಿದ್ದುದನ್ನು ಕಿಟಕಿಯಿಂದ ಕಂಡ ಪಕ್ಕದ ಮನೆಯಾಕೆ ಸೊಳ್ಳೆ ಹೊಡೆಯುತ್ತಿದ್ದೇನೆಂದು ತಿಳಿದಿರಬೇಕು. ಕಾಗದಕ್ಕೆ ಎಷ್ಟು ಹೊತ್ತು ಕಣ್ಣು ಮುಚ್ಚುತ್ತೀರಿ? ತೆರೆದಾಗ ಇದು ಅಲ್ಲೇ ಇರುತ್ತದೆ.

ಅವತ್ತು ಏನಾಯಿತೆಂದು ನಾನು ಕಂಡಂತೆ ಹೇಳುತ್ತೇನೆ. ತನ್ನ ಮದುವೆಯ ಹಾಲ್‌ನಲ್ಲಿ ಊಟದ ಮೇಜುಗಳ ಮೇಲಿಡುವ ಹೂವನ್ನು ತಾನೇ ಜೋಡಿಸುತ್ತೇನೆಂದು ನಿಮ್ಮ ಮುದ್ದಿನ ಮಗಳು ಚೂಟಿ ಹಟ ಹಿಡಿದಿದ್ದು ನಿಮಗೆ ಗೊತ್ತೇ ಇದೆ. ಅಂಗಡಿಯವರು ಮಾಡಿದ್ದು ಎಲ್ಲರ ಮದುವೆಯಲ್ಲೂ ಒಂದೇ ಥರ ಇರುತ್ತದೆಂದು ಅವಳ ವಾದ. ಎತ್ತರದ್ದೇ ಚೆಂದ ಎಂದವರು ಬೀಗಿತ್ತಿ. ಅದಕ್ಕೇ ಮೊಳದುದ್ದದ ಗಾಜಿನ ಹೂದಾನಿಗಳು ಬಂದವು. ನೋಡೋಣವೆಂದು ಮೊದಲನೆಯದನ್ನು ಊಟದ ಮೇಜಿನ ಮೇಲಿಟ್ಟು, ಮೊಗ್ಗು ಬಿಟ್ಟ ಕೊಂಬೆ, ಲಿಲಿ, ಬಿಳಿ ಗುಲಾಬಿ ತುಂಬಿಸಿದಳು. ನೀವು ಮರಗೆಲಸದ ಶೆಡ್ಡಿನಿಂದ ಬಂದು, ತಲೆಯ ಮೇಲಿನ ಹೊಟ್ಟನ್ನೂ ಕೊಡವದೆ, ಅವಳ ಎದುರಿನ ಕುರ್ಚಿಯಲ್ಲಿ ಕೂತು ಏನೋ ಕೇಳಲು ಕೈ ಎತ್ತಿದಿರಿ. ನಡುವೆ ಆ ಹೂವಿನ ಗೋಡೆ. ನಿಮ್ಮ ಕೈ ಅವಳಿಗೆ ಕಾಣಲಿಲ್ಲ, ಅವಳದು ನಿಮಗೆ ಕಾಣಲಿಲ್ಲ. ನೀವು ಎದ್ದು ನಿಂತು, ನನ್ನ ಕೈ ಯಾರಿಗೂ ಕಾಣಬಾರದು ಎಂದೇ ಇದನ್ನು ಇಟ್ಟೆಯಾ ಎಂದು ಕೇಳಿದಿರಿ. ಅವಳು ತಕ್ಷಣ ಇಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಅವಳು ಕೈ ಎತ್ತುವಷ್ಟರಲ್ಲಿ ನಿಮ್ಮ ಕಣ್ಣು ಮುಚ್ಚಿತ್ತು, ಆಮೇಲೆ ಚೀಲ ಹೆಗಲೇರಿತು.

ನೀವು ಹೋದ ಮೇಲೆ ನಾನೂ ಅದನ್ನೇ ಕೇಳಿದೆ. ಸುಳ್ಳು ಹೇಳಿ ನಿಮ್ಮನ್ನು ಕರೆಸಿಕೊಳ್ಳುವುದು ನನಗೆ ಬೇಡ, ಅವಳ ಮಾತನ್ನು ಹಾಗೇ ಬರೆಯುತ್ತೇನೆ. "ಅಮ್ಮ, ಬ್ಯಾಂಕಲ್ಲಿ, ಆಸ್ಪತ್ರೇಲಿ, ನನ್ನ ಸ್ಕೂಲಲ್ಲೂ ಅಪ್ಪನ ಪರವಾಗಿ ಮಾತಾಡಿದ್ದು ನಾನೇ. ಎಲ್ಲಿ ಹೋದ್ರೂ ಜನ ನಮ್ಮ ಕೈಯನ್ನೇ ನೋಡ್ತಾರೆ. ಮದ್ವೆ ದಿನ ಒಂದಿನ ಯಾರೂ ಹಾಗೆ ನೋಡ್ದೆ ಇರ್ಲಿ ಅನ್ನಿಸ್ತು. ಅಪ್ಪನ್ನ ಮುಚ್ಚಿಡ್ಬೇಕು ಅಂತಲ್ಲ. ಆದ್ರೆ ಅವ್ರು ಕೇಳ್ದಾಗ ಇಲ್ಲ ಅನ್ನೋಕೆ ಕೈ ಬರ್ಲಿಲ್ಲ." ಇಷ್ಟು ಹೇಳಿ ಅತ್ತಳು. ನನಗೆ ನಿಮ್ಮ ಮೇಲೂ ಸಿಟ್ಟು ಬಂತು, ಅವಳ ಮೇಲೂ ಬಂತು. ನಾನು ಬೇಕರಿಯ ಕೆಲಸಕ್ಕೆ ಹೋಗುತ್ತಿದ್ದಾಗ ನೀವು ಎಲ್ಲ ಕಡೆಗೂ ಆ ಪುಟ್ಟ ಮಗುವಿನ ಬೆರಳು ಹಿಡಿದೇ ಹೋದಿರಲ್ಲ, ಅದು ಅವಳಿಗೆ ಭಾರವಾಗಿರಬಹುದೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ಮಾತು ಬೇಗ ಕಲಿತಳೆಂದು ಹಿಗ್ಗಿದ್ದೇ ಬಂತು.

ಮಾರನೆಯ ದಿನ ಎದ್ದು ನೋಡಿದರೆ ಚೂಟಿ ಆ ಹೂದಾನಿಯಿಂದ ಎಲ್ಲವನ್ನೂ ಕಿತ್ತು ಬಕೆಟ್ಟಿನ ನೀರಿಗೆ ಹಾಕಿದ್ದಳು. ಅಡುಗೆಮನೆಯ ಅಗಲ ಬಟ್ಟಲೊಂದನ್ನು ಮೇಜಿನ ಮೇಲಿಟ್ಟು, ನನ್ನನ್ನು ನಿಮ್ಮ ಕುರ್ಚಿಯಲ್ಲಿ ಕೂರಿಸಿ, ಏನಾದರೂ ಮಾತಾಡು ಎಂದು ಕೈಯಲ್ಲೇ ಹೇಳಿದಳು. ನಾನು ಮಾತಾಡುತ್ತ ಹೋದೆ, ಅವಳು ದಂಟು ಕತ್ತರಿಸುತ್ತ ಹೋದಳು. ನನ್ನ ಮುಖ, ಎದೆ, ಮೊಣಕೈವರೆಗೆ ಸರಿಯಾಗಿ ಕಾಣುವ ತನಕ ಬಿಡಲಿಲ್ಲ. ಹೂ ಚುಚ್ಚುವ ಹಸಿರು ಸ್ಪಂಜು ತಾನಾಗೇ ನೀರು ಕುಡಿದು ಮುಳುಗಬೇಕಂತೆ. ನಾನು ಅವಸರಕ್ಕೆ ಕೈಯಿಂದ ಅದುಮಿ, ಒಳಗೆ ಒಣಗಿದ್ದಕ್ಕೆ ಹೂ ಚುಚ್ಚಿ, ಒಂದು ಬಟ್ಟಲು ಗುಲಾಬಿಯನ್ನೇ ಬಾಡಿಸಿ ಬೈಸಿಕೊಂಡೆ. ಅವುಗಳ ಬದಲಿಗೇ ಇವತ್ತು ವ್ಯಾನ್ ಬಂದದ್ದು. ಮೊದಲು ನಮ್ಮ ಮನೆಯವರ ಮೇಜಿಗೆ ಮಾತ್ರ ಗಿಡ್ಡ ಹೂ ಎಂದಿದ್ದಳು. ನಿಮ್ಮಪ್ಪ ಒಂದು ಕಡೆ ಕೂರುವ ಪೈಕಿಯಾ, ಎಲ್ಲರ ಮೇಜಿಗೂ ಹೋಗಿ ಉಪಚಾರ ಮಾಡುವವರು ಎಂದೆ. ಆಗ ಎಲ್ಲ ಮೇಜಿನದನ್ನೂ ಕತ್ತರಿಸಿದಳು. ಬೀಗಿತ್ತಿ ಫೋನ್ ಮಾಡಿ, ಇಷ್ಟು ಗಿಡ್ಡ ಇಟ್ಟರೆ ಫೋಟೋದಲ್ಲಿ ಏನು ಕಾಣುತ್ತದೆ ಎಂದು ಮೂಗು ಮುರಿದರು. "ಅಪ್ಪ ಕಾಣ್ತಾರೆ ಅತ್ತೆ," ಎಂದು ಚೂಟಿ ಫೋನ್ ಇಟ್ಟುಬಿಟ್ಟಳು. ಇನ್ನೂ ಮದುವೆಯೇ ಆಗಿಲ್ಲ, ಅತ್ತೆಯ ಜೊತೆ ಮೊದಲ ಜಟಾಪಟಿ ಆಗಿಹೋಯಿತು. ಅದಕ್ಕೂ ನೀವೇ ಕಾರಣ.

ನನ್ನ ಹೆದರಿಕೆ ಬೇರೆ ಇದೆ. ಭಾನುವಾರ ಬೆಳಿಗ್ಗೆ ಮದುವೆ ಹಾಲ್‌ನ ಬಾಗಿಲಿನಿಂದ ವೇದಿಕೆಯವರೆಗೆ ಅವಳ ಜೊತೆ ನಡೆಯಬೇಕಾದವರು ನೀವು. ನೀವಿಲ್ಲದಿದ್ದರೆ ಹುಡುಗನ ಚಿಕ್ಕಪ್ಪ ನಡೆಯಲಿ ಎಂದು ಆ ಕಡೆಯವರು ಹೇಳಿ ಕಳಿಸಿದ್ದರು. ಒಲ್ಲೆ, ಒಬ್ಬಳೇ ನಡೆಯುತ್ತೇನೆ ಎಂದಳು. ಅಪ್ಪನಿಗೆ ತಕ್ಕ ಮಗಳು, ನಡೆದೇ ತೀರುತ್ತಾಳೆ. ಆ ಬಾಗಿಲಲ್ಲಿ ಅವಳು ಒಬ್ಬಳೇ ನಿಂತದ್ದನ್ನು ನೋಡಲು ನನ್ನಿಂದಾಗದು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಾಳೆ ಬೆಳಗಿನ ಬಸ್ಸು ಹಿಡಿದರೆ ಸಂಜೆಯೊಳಗೆ ಮನೆಯಲ್ಲಿರುತ್ತೀರಿ. ನಾಡಿದ್ದು ಬಂದರೆ ಅವಳು ನಡೆದು ಮುಗಿದಿರುತ್ತದೆ. ನೀವು ಬಂದು ಜಗಳವಾಡಿದರೂ ಸರಿ, ಕಣ್ಣು ತೆರೆದುಕೊಂಡು ಆಡಿ. ಅವಳು ಹೇಳುವುದನ್ನು ಕೊನೆತನಕ ನೋಡಿ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ, ಅವರನ್ನೂ ಜೊತೆಗೇ ಕರೆತನ್ನಿ. ನಿಮ್ಮ ಕೋಟು ಇಸ್ತ್ರಿಯಾಗಿ ಬಾಗಿಲ ಹಿಂದೆ ನೇತಾಡುತ್ತಿದೆ.

ಇನ್ನೂ ಸಿಟ್ಟು ಇಳಿಯದ,
ನಿಮ್ಮವಳು

ವಿ.ಸೂ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಇದೊಂದು ಬರೆದುಬಿಡುತ್ತೇನೆ. ಮದುಮಗಳು ಕೈಯಲ್ಲಿ ಹಿಡಿದು ನಡೆಯುವ ಹೂಗುಚ್ಛ ಬೇಡ ಎಂದು ಚೂಟಿ ಹೇಳಿದ್ದಾಳೆ, ನಿಜವೇ ಎಂದು ಹೂವಿನಂಗಡಿಯಾಕೆ ಈಗ ತಾನೇ ಫೋನ್ ಮಾಡಿದ್ದಳು. ನನಗೆ ಗೊತ್ತೇ ಇರಲಿಲ್ಲ. ಯಾಕೆಂದು ಚೂಟಿಯನ್ನು ಕೇಳಿದೆ. ತಲೆ ಎತ್ತದೆ ಹೇಳಿದಳು: "ನಡ್ಕೊಂಡು ಹೋಗ್ತಾ ಅಪ್ಪ ಏನಾದ್ರೂ ಹೇಳಿದ್ರೆ? ಕೈ ತುಂಬ ಹೂ ಹಿಡ್ಕೊಂಡು ನಾನು ಹೇಗೆ ಉತ್ರ ಕೊಡ್ಲಿ?"