ಚಿಗುರಿದ ಕಲ್ಲುಬೊಡ್ಡೆ

ಇರ್ವಿಂಗ್,
ಭಾನುವಾರ, ೮ ಮಾರ್ಚ್ ೨೦೨೬

ತಂಗಿ ನಾಗಮಣಿಗೆ ಅಣ್ಣ ಗೋವಿಂದರಾಜು ಮಾಡುವ ಆಶೀರ್ವಾದಗಳು.

ಅಲ್ಲಿ ಕೇಟಿ ಊರಿನಲ್ಲಿ ಪ್ಲಾಸ್ಟರ್ ಕಾಲು ಚಾಚಿಕೊಂಡು ಮಗಳು ಶ್ರಾವಣಿಯ ಚಿಂತೆ ಮಾಡಬೇಡ. ತುಂಬು ಬಸುರಿಯನ್ನು ನೋಡಿಕೊಳ್ಳಲು ನನ್ನಂಥ ಸೋದರಮಾವ ಇಡೀ ಟೆಕ್ಸಾಸಿನಲ್ಲಿ ಇನ್ನೊಬ್ಬನಿಲ್ಲ. ನನ್ನ ಮೆಣಸಿನ ಸಾರನ್ನು ಅಳಿಯ ವಿಜಯ್ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಾನೆ! ಆದರೂ ಒಂದು ವಿಷಯ ಫೋನಿನಲ್ಲಿ ಹೇಳಲಾರೆ. ಈ ಮನೆಯ ಗೋಡೆ ರಟ್ಟಿನಷ್ಟು ತೆಳು, ಶ್ರಾವಣಿಗೆ ಕೇಳಿಸೀತು.

ಡಾಕ್ಟರು ನಡೆದಾಡಲು ಹೇಳಿದ್ದರು. ಮನೆಯ ಹಿಂದೆ ಓಕ್ ಮರಗಳ ಹುಲ್ಲುಹಾಸು, ಕಾಂಪೌಂಡಿಲ್ಲ, ಗೇಟಿಲ್ಲ. ಪಾರ್ಕೆಂದೇ ಕರೆದೊಯ್ದೆ. "ಮಾವ, ಸೊಂಟ ನೋಯ್ತಿದೆ" ಅಂದಳು. ಎದುರಿಗೊಂದು ಮರದ ಬೊಡ್ಡೆ. "ಕೂತ್ಕೋ ಮಗಳೆ. ಮರದ ಜಾತಿ ನಾನು ದೂರದಿಂದ್ಲೇ ಹೇಳ್ತೀನಿ" ಎಂದು ಕೊಚ್ಚಿಕೊಂಡೆ. ತೊಗಟೆ, ಗಂಟು, ಹಬ್ಬಿದ ಬಳ್ಳಿ, ಕಡಿದ ಕೊಂಬೆಗಳು, ಎಲ್ಲ ಸರಿಯಾಗಿತ್ತು. ಬೆರಳ ಗೆಣ್ಣಿನಿಂದ ತಟ್ಟಿದೆ. ಕಲ್ಲು! ಬಳ್ಳಿಯೂ ಕಲ್ಲು. ಬುಡದಲ್ಲಿ ಒಬ್ಬ ಹೆಂಗಸಿನ ಹೆಸರು, ಅದರ ಕೆಳಗೆ ಅವಳ ಕೂಸುಗಳದು.

ಮನೆಗೆ ಬಂದು ಹೇಳಿದರೆ ವಿಜಯ್ ನಕ್ಕ. "ಅಂಕಲ್, ಅದು ಸೆಮೆಟ್ರಿ, ಸ್ಮಶಾನ. ಕಡಿದ ಕೊಂಬೆ ಅಂದ್ರೆ ಅರ್ಧಕ್ಕೇ ಹೋದ ಜೀವ."

ಬಸುರಿಯನ್ನು ಕೈಹಿಡಿದು ಸಮಾಧಿಯ ಮೇಲೆ ಕೂರಿಸಿದ್ದೆ, ನಾಗೂ. ಬೇಡವೆಂದರೂ ಅವಳು ದಿನವೂ ಅಲ್ಲಿಗೇ ಹೋದಳು. "ಕಲ್ಲು ಬೆಚ್ಚಗಿರುತ್ತೆ ಮಾವ. ಅಲ್ಲಿ ಕೂತ್ರೆ ಪಾಪು ಒದೆಯೋದು ನಿಲ್ಸುತ್ತೆ."

ನಿನ್ನೆ ಮನೆಗೆ ಬಂದ ಮೇಲೂ ಪಾಪು ಮಿಸುಕಲಿಲ್ಲ. ಡಾಕ್ಟರು ಮಿಷನ್ ಇಟ್ಟು, ಗುಂಡಿಗೆ ಬಡಿಯುತ್ತಿದೆ, ಕಾಯೋಣ ಎಂದರು. ಶ್ರಾವಣಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟಳು.

ಇವತ್ತು ಮಧ್ಯಾಹ್ನ ಒಬ್ಬನೇ ಹೋದೆ. ಕಡಿದ ಕೊಂಬೆಗಳ ಪಕ್ಕದಲ್ಲಿ ಹೆಬ್ಬೆರಳಷ್ಟು ಹೊಸ ಚಿಗುರು ಎದ್ದಿತ್ತು. ಕಲ್ಲಿನದೇ, ಆದರೆ ಹಸಿ ಮರದ ವಾಸನೆ. ಎಡಗೈ ಇಟ್ಟೆ. ಒಳಗಿನಿಂದ ಒದೆಯಿತು.

ನಾನು ಹೆದರುವವನೇ? ಗಟ್ಟಿಯಾಗಿ ಕೇಳಿದೆ: "ಏನ್ ತಾಯಿ, ಎಳೆಯದ್ಯಾಕೆ ನಿಂಗೆ? ಬಲಿತ ಕೊಂಬೆ ಇಲ್ಲಿದೆ, ತಗೋ." ಅದು ಸುಮ್ಮನಾಗುವ ತನಕ ಕೈ ತೆಗೆಯಲಿಲ್ಲ. ಮನೆಗೆ ಬಂದರೆ ಶ್ರಾವಣಿ ಬಾಗಿಲಲ್ಲೇ ಅಳುತ್ತ ನಗುತ್ತಿದ್ದಳು. "ಮಾವ, ಒದೀತಿದೆ ನೋಡಿ!"

ಇನ್ನು ಆ ಕಡೆ ಹೋಗುವುದಿಲ್ಲವೆಂದು ಮಾತು ಕೊಟ್ಟಿದ್ದಾಳೆ. ನಾನು ಕಲ್ಲುಗುಂಡಿನಂತಿದ್ದೇನೆ. ನಿಶ್ಚಿಂತೆಯಿಂದಿರು.

ನಿನ್ನ ಅಣ್ಣ,
ಗೋವಿಂದರಾಜು

ತಾ.ಕ.: ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಕಾಗದ ಒತ್ತಿಹಿಡಿಯಲು ಎಡಗೈ ಏಳುತ್ತಿಲ್ಲ. ಮೊಣಕೈವರೆಗೆ ತಣ್ಣಗಾಗಿ ಚರ್ಮ ತೊಗಟೆಯಂತೆ ಬಿರಿದಿದೆ. ಶಾಲು ಹೊದ್ದು ಮುಚ್ಚಿಟ್ಟಿದ್ದೇನೆ. ಮಕ್ಕಳಿಗೆ ಹೇಳಬೇಡ. ತೊಟ್ಟಿಲು ತೂಗಲು ಒಂದು ಕೈ ಸಾಕು.