ಒಳ್ಳೇದಾಯ್ತು ಬಿಡು

ಕ್ಯಾಸಂಬಳ್ಳಿ
೧೪ ಜುಲೈ ೨೦೨೪, ಭಾನುವಾರ

ಪ್ರೀತಿಯ ಶ್ಯಾಮಲಾ,

ನಿನ್ನ ಕದಿರಕ್ಕ ಬರೆಯುತ್ತಿದ್ದೇನೆ. ಕಾಗದ ನೋಡಿ ಗಾಬರಿಯಾಗಬೇಡ, ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಅಂಗನವಾಡಿ ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದೇ ಕಡಿಮೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಬಂಗಾರಪೇಟೆಯ ಮೀಟಿಂಗುಗಳಲ್ಲಿ ಪಕ್ಕಪಕ್ಕ ಕೂತು, ಮೇಡಂ ಮಾತಾಡುತ್ತಿರುವಾಗಲೇ ಚೀಟಿ ಬರೆದು ಒಬ್ಬರಿಗೊಬ್ಬರು ತಳ್ಳಿ ನಗುತ್ತಿದ್ದವರು ನಾವು. ಇವತ್ತು ಬರೆಯಬೇಕಾದದ್ದು ನಗುವ ವಿಷಯವಲ್ಲ.

ನನಗೆ ಕಿವಿ ಕೇಳುವುದಿಲ್ಲ ಶ್ಯಾಮಲಾ.

ಪೂರ್ತಿ ಕಿವುಡಿ ಅಲ್ಲ. ದಪ್ಪ ಸದ್ದೆಲ್ಲ ಕೇಳುತ್ತದೆ. ಲಾರಿ, ಹಸು, ನನ್ನ ಮಗ ಸುಬ್ರಮಣಿಯ ಗೊರಕೆ. ಸಣ್ಣ ಸದ್ದುಗಳು ಒಂದೊಂದಾಗಿ ಹೋದವು. ಮೊದಲು ಹೋದದ್ದು ಮಕ್ಕಳ ದನಿ, ಅದೂ ನಾನು ನಿವೃತ್ತಳಾಗುವುದಕ್ಕೆ ಮುಂಚೆಯೇ. ಒಂದು ಸಲ ಒಂದು ಮಗು ಬಂದು ಸೆರಗು ಎಳೆದು ಏನೋ ಹೇಳಿತು, ನಾನು 'ಆಮೇಲೆ ಕಣಪ್ಪ' ಅಂದೆ. ಒಂದಕ್ಕೆ ಹೋಗಬೇಕು ಅಂದಿತ್ತಂತೆ. ಪಾಪ, ನಿಂತಲ್ಲೇ ಮಾಡಿಕೊಂಡಿತು. ನಾನು ಅದನ್ನೇ ಗದರಿದೆ.

ಆಮೇಲೆ ಒಗ್ಗರಣೆ ಕೈಕೊಟ್ಟಿತು. ಸಾಸಿವೆ ಚಟಪಟ ಅನ್ನುವುದು ಕೇಳದೆ ಕಾಯುತ್ತ ನಿಂತರೆ ಅದು ಸೀದು ಕರ್ರಗಾಗಿರುತ್ತಿತ್ತು, ಸಾರೆಲ್ಲ ಕಹಿ. ಸೊಸೆ ನವ್ಯ ಎಣ್ಣೆ ಬದಲಾಯಿಸಿದಳು, ಆಮೇಲೆ ಬಾಣಲೆ ಬದಲಾಯಿಸಿದಳು. ನಾನು ಬಾಯಿ ಬಿಡಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ನಾವು ಸಾಮಾನು ತರುತ್ತಿದ್ದ ಅಂಗಡಿಯ ಆರುಮುಗಂ ನನ್ನ ಜೊತೆ ಮೊದಲಿನಿಂದಲೂ ತಮಿಳಿನಲ್ಲೇ ಮಾತಾಡುತ್ತಿದ್ದ. ಅವನು ಅಂದದ್ದು ಕೇಳದೆ ಹೋದಾಗ 'ನಂಗೆ ಈಗೀಗ ಅರವ ಮರ್ತೋಗೈತೆ' ಅಂದುಬಿಟ್ಟೆ. ಅವನು ನಂಬಿ ಕನ್ನಡಕ್ಕೆ ತಿರುಗಿದ. ಅದೂ ಕೇಳಲಿಲ್ಲ.

ಕೂದಲು ನೆರೆತದ್ದನ್ನು ಎಲ್ಲರಿಗೂ ನಾನೇ ತೋರಿಸಿದ್ದೇನೆ. ಮಂಡಿನೋವನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಮಂಡಿ ಅಂದರೆ ಜನ ಕುರ್ಚಿ ಎಳೆದು ಕೊಡುತ್ತಾರೆ, ಕಿವಿ ಅಂದರೆ ನಗುತ್ತಾರೆ. ನಮ್ಮ ಅತ್ತೆಗೆ ಕಿವಿ ಮಂದವಾದಾಗ ನಾವು ಸೊಸೆಯಂದಿರೆಲ್ಲ ಸೇರಿ ಹೇಗೆ ಆಡಿಕೊಂಡೆವು ಅನ್ನುವುದು ನನಗೆ ಗೊತ್ತಿಲ್ಲವೇ? ಅದಕ್ಕೇ ಒಂದು ಉಪಾಯ ಕಲಿತೆ. ಎದುರಿನವರ ಮುಖ ನೋಡುವುದು, ಅವರು ನಕ್ಕರೆ ನಗುವುದು, ತುಟಿ ನಿಂತಾಗ 'ಊಂ' ಅನ್ನುವುದು. ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ, ಅಲ್ಲಿ ಸಿಕ್ಕಿದ ಒಂದೆರಡು ಮಾತು ಹಿಡಿದು ಉಳಿದದ್ದನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ಎಷ್ಟೋ ಸಲ ಸರಿಹೋಗುತ್ತಿತ್ತು.

ಯುಗಾದಿ ಕಳೆದ ವಾರ ನೀನು ಫೋನ್ ಮಾಡಿದಾಗ ನಾನು ಹಾಲು ಕರೆದು ಕೊಟ್ಟಿಗೆಯಿಂದ ಹೊರಗೆ ಬರುತ್ತಿದ್ದೆ. ಅದಕ್ಕೆ ಸ್ವಲ್ಪ ದಿನ ಮುಂಚೆ ಸಿಕ್ಕಿದ್ದಾಗ ನೀನೇ ಹೇಳಿದ್ದೆ, ನಿನ್ನ ಯಜಮಾನರು ಕಾಮಸಮುದ್ರದ ತಂಗಿ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಅನ್ನುತ್ತಿದ್ದಾರೆ, ಹೋದರೆ ನಿನ್ನ ಸೊಂಟಕ್ಕೂ ಬಿಡುವು ಅಂತ. ಅದೇ ನನ್ನ ತಲೆಯಲ್ಲಿತ್ತು. ನೀನು 'ಅಕ್ಕ, ಅವ್ರು ಓದ್ರು' ಅಂದೆ. ಅಷ್ಟು ಚೆನ್ನಾಗಿಯೇ ಕೇಳಿಸಿತು. ನಮ್ಮ ಕಡೆ ಬಸ್ಸು ಹತ್ತಿದವರೂ 'ಓದ್ರು', ಪ್ರಾಣ ಬಿಟ್ಟವರೂ 'ಓದ್ರು'. ಯಾವುದು ಅನ್ನುವುದು ಹೇಳುವವರ ದನಿಯಲ್ಲಿ ಇರುತ್ತದೆ. ನನಗೆ ನಿನ್ನ ಮಾತು ಕೇಳಿಸಿತು, ಅಳು ಕೇಳಿಸಲಿಲ್ಲ.

'ಓದ್ರಾ? ಒಳ್ಳೇದಾಯ್ತು ಬಿಡು. ಇನ್ನಾದ್ರೂ ಕಾಲು ನೀಡ್ಕೊಂಡು ಆಯಾಗಿ ಮನಿಕೋ' ಅಂದೆ. ನಗುತ್ತ ಅಂದೆ. ನೀನು ಇನ್ನೂ ಏನೋ ಹೇಳಿರಬೇಕು. ನಾನು ಊಂ ಊಂ ಅಂದು, ಡೇರಿಗೆ ಹೊತ್ತಾಯಿತೆಂದು ಫೋನ್ ಇಟ್ಟುಬಿಟ್ಟೆ.

ಮೂರನೆಯ ದಿನ ಬೇತಮಂಗಲದ ಬಸ್ಸಿನಲ್ಲಿ ನಮ್ಮ ಹಳೆಯ ಸಹಾಯಕಿ ಪಾಪಕ್ಕ ಸಿಕ್ಕಳು. ಅವಳ ಗಂಟಲು ನಿನಗೆ ಗೊತ್ತಲ್ಲ. 'ಏನಮ್ಮೋ, ಅಶ್ವತ್ಥಪ್ಪನ ಮಣ್ಣಿಗೂ ಬರ್ಲಿಲ್ವಲ್ಲ, ಅಂಗ್ಯಾಕೆ ಮಾಡ್ದೆ' ಅಂತ ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಕೇಳಿದಳು. ಬೆಳಿಗ್ಗೆ ಕಾಫಿ ಕುಡಿದು ಎದೆನೋವೆಂದು ಮಲಗಿದ ನಿನ್ನ ಯಜಮಾನರು ಮತ್ತೆ ಏಳಲಿಲ್ಲವೆಂದು ಅವಳಿಂದ ತಿಳಿಯಿತು. ನಾನು ಆಡಿದ ಮಾತು ಆಗ ನೆನಪಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು ಊರಿಗೆ ನಡೆದುಕೊಂಡೇ ಬಂದೆ.

ಆವತ್ತೇ ನಿನ್ನ ಹತ್ತಿರ ಓಡಿ ಬರಬೇಕಿತ್ತು. ಏನೆಂದು ಹೇಳಲಿ? ನಿನ್ನ ಗಂಡ ಹೋದದ್ದು ನನಗೆ ಕೇಳಿಸಲಿಲ್ಲ ಅಂದರೆ ನಂಬುತ್ತೀಯಾ ಅನ್ನಿಸಿತು. ನಿಜ ಹೇಳಬೇಕೆಂದರೆ, ನೀನು ನಂಬದೆ ಹೋದರೆ ಅನ್ನುವುದಕ್ಕಿಂತ ನಂಬಿಬಿಟ್ಟರೆ ಅನ್ನುವ ಹೆದರಿಕೆಯೇ ಹೆಚ್ಚಿತ್ತು. ನಂಬಿದರೆ ನಾನು ಕಿವುಡಿ ಅಂತ ಆಗಿಹೋಗುತ್ತದಲ್ಲ.

ತಿಥಿಯ ದಿನ ಬಂದೆ. ಕಾಮಸಮುದ್ರದ ನಿನ್ನ ನಾದಿನಿ ಕೇಳಿದ್ದಕ್ಕೆ ಫೋನು ಕೆಟ್ಟಿತ್ತು, ವಿಷಯವೇ ತಿಳಿಯಲಿಲ್ಲ ಅಂದೆ. ನೀನು ಪಕ್ಕದಲ್ಲೇ ಕೂತಿದ್ದೆ. ಅದು ಸುಳ್ಳೆಂದು ನಿನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಆಮೇಲೆ ನೀನು ತಲೆ ತಗ್ಗಿಸಿಕೊಂಡು, ಬಾಯಿಗೆ ಸೆರಗು ಹಿಡಿದುಕೊಂಡು, ಮೆಲ್ಲಗೆ ನನ್ನನ್ನು ಏನೋ ಕೇಳಿದೆ. ತುಟಿ ಕಾಣಲಿಲ್ಲ. ನಾನು ರೂಢಿಯಂತೆ 'ಊಂ' ಅಂದೆ. ನೀನು ಒಂದು ಸಲ ನನ್ನ ಮುಖ ನೋಡಿ ಎದ್ದು ಒಳಗೆ ಹೋದೆ. ಆವತ್ತು ನೀನು ಕೇಳಿದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೇಕೆಂದೇ ಹಾಗಂದೆಯಾ ಅಂತ ಕೇಳಿದ್ದೆಯಾ? ಅವರು ಹೋದದ್ದು ನಿನಗೆ ಒಳ್ಳೆಯದಾಯಿತಾ ಅಂತ ಕೇಳಿದ್ದೆಯಾ? ದನದ ಮುಂದೆ ಹುಲ್ಲು ಹಾಕುವಾಗಲೂ ಅದೇ ಯೋಚನೆ.

ನಿನ್ನ ಯಜಮಾನರನ್ನು ಕಂಡರೆ ನನಗಾಗುತ್ತಿರಲಿಲ್ಲ ಅಂತ ಮಾತ್ರ ತಿಳಿಯಬೇಡ. ಗಣಿಯ ಒಳಗೆ ವರ್ಷಾನುಗಟ್ಟಲೆ ಬಂಡೆ ಕೊರೆದು ಅವರ ಕಿವಿಯೂ ಹೋಗಿತ್ತು, ಅದಕ್ಕೇ ಬೀದಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದರು. ಮೆಲ್ಲಗೆ ಮಾತಾಡಿ ಅಂತ ನೀನು ಗದರುತ್ತಿದ್ದೆ. ನಿಮ್ಮ ಮನೆಯಲ್ಲಿ ಒಂದಕ್ಷರ ಬಿಡದೆ ನನಗೆ ತಿಳಿಯುತ್ತಿದ್ದದ್ದು ಅವರ ಮಾತೊಂದೇ. 'ಏ ಕದಿರಮ್ಮ, ಮುದ್ದೆ ಉಂಡ್ಕೊಂಡೋಗು' ಅಂತ ಅವರು ಒಳಗಿನಿಂದ ಕೂಗಿದರೆ ನನಗೆ ವಯಸ್ಸಾಗಿರುವುದೇ ಮರೆತುಹೋಗುತ್ತಿತ್ತು. ಅಂಥ ಮನುಷ್ಯ ಹೋದದ್ದಕ್ಕೆ ನನ್ನ ಬಾಯಿಂದ ಆ ಮಾತು ಬಂತಲ್ಲ ಅಂತ ಸಂಕಟವಾಗುತ್ತದೆ.

ಹೋದ ತಿಂಗಳು ನವ್ಯಳಿಗೆ ಎಲ್ಲ ತಿಳಿದುಹೋಯಿತು. ಕುಕ್ಕರ್ ಮುಂದೆಯೇ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ, ಅದು ಕೂಗಿ ಕೂಗಿ ತಳ ಹತ್ತಿದರೂ ನಾನು ಏಳಲಿಲ್ಲ. ಅವಳು ಬೈಯಲಿಲ್ಲ, ಕೋಲಾರಕ್ಕೆ ಕರೆದುಕೊಂಡು ಹೋದಳು. ವಯಸ್ಸಿನಿಂದ ಬಂದದ್ದು, ಹೋದದ್ದು ತಿರುಗಿ ಬರುವುದಿಲ್ಲ ಅಂದರು ಡಾಕ್ಟರು. ಕಿವಿಗೆ ಮಿಷನ್ ಹಾಕಿದ್ದಾರೆ. ತಟ್ಟೆ ಲೋಟದ ಸದ್ದು ತಲೆಗೇ ಬಡಿಯುತ್ತದೆ, ಎದುರಿಗೆ ಕೂತು ಮಾತಾಡಿದರೆ ಮುಕ್ಕಾಲು ಪಾಲು ತಿಳಿಯುತ್ತದೆ. ಫೋನು ಹತ್ತಿರ ತಂದರೆ ಮಾತ್ರ ಕೀ ಅಂತ ಕಿರುಚುತ್ತದೆ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಾಗಿಲು ತೆಗೆಯಲು ಮನಸ್ಸಿಲ್ಲದಿದ್ದರೆ ತೆಗೆಯಬೇಡ, ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಹಿಂತಿರುಗುತ್ತೇನೆ. ತೆಗೆದರೆ, ಆವತ್ತು ಫೋನಿನಲ್ಲಿ ಹೇಳಿದ್ದನ್ನು ನನಗೆ ಇನ್ನೊಂದು ಸಲ ಹೇಳು. ನಿನ್ನ ಜೊತೆ ಕೂತು ಅಳುವುದು ಬಾಕಿ ಇದೆ.

ಇಂತಿ ನಿನ್ನ
ಕದಿರಕ್ಕ

ಇನ್ನೊಂದು ಮಾತು: ತಿಥಿ ಕಳೆದ ಮೇಲೆ ನೀನು ಫೋನ್ ಮಾಡಿದ್ದನ್ನೆಲ್ಲ ನೋಡಿದ್ದೇನೆ. ಫೋನು ನನ್ನ ಕೈಯಲ್ಲೇ ಇರುತ್ತಿತ್ತು. ನಿನ್ನ ಹೆಸರು ಬರುತ್ತಿತ್ತು, ಗಡಗಡ ನಡುಗುತ್ತಿತ್ತು, ಆರಿಹೋಗುತ್ತಿತ್ತು. ಎತ್ತಿದರೆ ಮತ್ತೇನು ಅಂದುಬಿಡುತ್ತೇನೋ ಅಂತ ಎತ್ತಲಿಲ್ಲ. ಬೈಯುವುದಕ್ಕೆ ಮಾಡಿದ್ದೆಯೋ, ಒಬ್ಬಳೇ ಇರಲಾರದೆ ಮಾಡಿದ್ದೆಯೋ, ತಿಳಿಯದು. ಈ ತಿಂಗಳು ಒಂದು ಸಲವೂ ನಿನ್ನ ಹೆಸರು ಬರಲಿಲ್ಲ. ಅದಕ್ಕೇ ಹೆದರಿ ಈ ಕಾಗದ ಬರೆದೆ.