ಉಳಿದ ಇಬ್ಬರು

ಫೆಬ್ರವರಿ 3
ಬೆಳಿಗ್ಗೆಯೆಲ್ಲ ವರದಿಯ ಮೂರನೇ ಅಧ್ಯಾಯ ತಿದ್ದಿದೆ. ಸಂಜೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವಾಗ ಆ ಗಂಡಸು ಮತ್ತೆ ಕಂಡ. ಎದುರಿನ ಫುಟ್‌ಪಾತ್, ಪಕ್ಕದಲ್ಲಿ ಸ್ಕೂಟರ್. ಹೆಲ್ಮೆಟ್ ತೆಗೆಯುವುದೇ ಇಲ್ಲ. ನಮ್ಮ ಮನೆಯನ್ನೇ ನೋಡುತ್ತಾನೆ.

ಟಿವಿ ಚರ್ಚೆಗೆ ಹೋಗಿ ಬಂದ ಮೇಲೆ ಶುರುವಾದದ್ದು ಇದು. "ಔಷಧಿ ಅಂಗಡಿಯ ಹೆಂಗಸನ್ನ ಇರಿದು ಕೊಂದ ಹುಡುಗನಿಗೆ ಹದಿನೆಂಟು ತುಂಬಿದ ಕೂಡಲೇ ಬಿಡುಗಡೆ. ಇದು ಸರೀನಾ?" ಎಂದು ನಿರೂಪಕ ಕೇಳಿದ. ದೊಡ್ಡವರ ಜೈಲಿಗೆ ಸಾಗಿಸಿದರೆ ಇನ್ನೂ ಕೆಡುತ್ತಾರೆ, ಅದಕ್ಕಿಂತ ಇದೇ ಸರಿ ಎಂದೆ. ಅಷ್ಟೇ. ಆವತ್ತಿನಿಂದ ಫೋನು ಬೇರೆ — ಎತ್ತಿದರೆ ಮಾತಿಲ್ಲ, ಉಸಿರು ಮಾತ್ರ.

ಅಮ್ಮ ಅವನಿಗೆ 'ಹೆಲ್ಮೆಟ್ಟು' ಎಂದು ಹೆಸರಿಟ್ಟಿದ್ದಾಳೆ. "ಆ ಬಿಸಿಲಲ್ಲಿ ತಲೆ ಬೆಂದು ಹೋಗಲ್ವೇನೇ ಅವನಿಗೆ?" ನನಗೆ ನಗು ಬರಲಿಲ್ಲ.

ಫೆಬ್ರವರಿ 6
ನಮ್ಮ ಸಂಶೋಧನಾ ಸಂಸ್ಥೆಯ ಡೈರೆಕ್ಟರ್ ಕರೆಸಿದರು. ಮುಂದಿನ ತಿಂಗಳು ಸರ್ಕಾರದ ಸಮಿತಿಯ ಮುಂದೆ ನನ್ನ ಸಂಶೋಧನೆ. ಕೊಲೆಯಂಥ ಕೇಸಿನ ಮಕ್ಕಳನ್ನು ಹದಿನೆಂಟಕ್ಕೆ ಬಿಡಬೇಕೋ, ಜೈಲಿಗೆ ಸಾಗಿಸಬೇಕೋ — ಅಲ್ಲೇ ತೀರ್ಮಾನ.

"ಜನ ಕೆಂಡವಾಗಿದಾರೆ ಕಣಮ್ಮ. ಸ್ವಲ್ಪ ಮೆತ್ತಗೆ ಬರಿ."

"ಅಂಕಿ ಮೆತ್ತಗಾಗಲ್ಲ ಸರ್."

ಹೇಳುವಾಗ ಏನೋ ಧೈರ್ಯ. ಮೆಟ್ಟಿಲಿಳಿದು ಬಂದವಳು ಮೊದಲು ಎದುರಿನ ಫುಟ್‌ಪಾತ್ ನೋಡಿದೆ.

ಫೆಬ್ರವರಿ 11
ಬರೆದಿಡದೆ ಮಲಗಲಾರೆ.

ಮನೆಗೆ ಬಂದರೆ ಬಾಗಿಲ ಪಕ್ಕ ಗಂಡಸರ ಚಪ್ಪಲಿ. ಒಳಗೆ, ಸೋಫಾದ ತುದಿಯಲ್ಲಿ ಅವನು. ಹೆಲ್ಮೆಟ್ ತೊಡೆಯ ಮೇಲೆ. ಅಮ್ಮ ಟೀ ಕೊಟ್ಟು ಎದುರಿಗೆ ಕೂತಿದ್ದಾಳೆ! ಬಾಗಿಲು ಹಾಕದೆ ಹೊಸ್ತಿಲಲ್ಲೇ ನಿಂತೆ.

"ಇವರ ಹೆಂಡತೀನೇ ಕಣೇ," ಎಂದಳು ಅಮ್ಮ. "ಆ ಔಷಧಿ ಅಂಗಡೀಲಿ..."

ಸಿಟಿ ಬಸ್ ಡ್ರೈವರ್ ಅಂತೆ. ತಲೆಯೆತ್ತಿ ನೋಡಲೂ ಸಂಕೋಚ. ಫೋನ್ ಮಾಡುತ್ತಿದ್ದದ್ದೂ ತಾನೇ ಎಂದರು.

"ಬಯ್ಯೋಣ ಅಂತಾನೇ ಮಾಡ್ತಿದ್ದೆ ಮೇಡಂ. ಬಾಯಿಗೆ ಮಾತೇ ಬರ್ತಿರಲಿಲ್ಲ." ಟೀ ಲೋಟ ಕೆಳಗಿಟ್ಟು, "ಟಿವೀಲಿ ಹೇಳಿದ್ರಲ್ಲ, ಅದು ನಿಜಾನಾ? ಜೈಲಿಗೆ ಹಾಕಿದ್ರೆ ಇನ್ನೂ ಕೆಡ್ತಾರೆ ಅನ್ನೋದು?"

ವರ್ಷಗಟ್ಟಲೆ ಆ ಹುಡುಗರ ಬೆನ್ನು ಹತ್ತಿ ಕಂಡದ್ದನ್ನು ಹೇಳಿದೆ. ದೊಡ್ಡವರ ಜೈಲಿನಿಂದ ಬಂದ ಹತ್ತರಲ್ಲಿ ಆರು ಜನ ಮತ್ತೆ ಪೊಲೀಸರ ಕೈಗೆ ಬಿದ್ದರು. ಬಾಲಮಂದಿರದಲ್ಲಿ ಓದು, ಕಸುಬು ಕಲಿತು ಬಂದ ಹತ್ತರಲ್ಲಿ ಇಬ್ಬರೇ.

"ಆ ಇಬ್ಬರು ಏನು ಮಾಡಿದ್ರು?"

ಚೀಲದಿಂದ ವರದಿ ತೆಗೆದು ಹಾಳೆ ತಿರುವತೊಡಗಿದೆ; ಅವರು ಕಾಯಲಿಲ್ಲ.

"ಆ ಹುಡುಗನ ತಾಯಿ ಮನೆ ನಮ್ಮ ಹಿಂದಿನ ಬೀದೀಲೇ ಇರೋದು. ನನ್ನ ಮಗಳು ಕೋರ್ಟಲ್ಲಿ ಅವನನ್ನ ಕೈ ಮಾಡಿ ತೋರಿಸಿದಾಳೆ. ಇನ್ನೂ ಹತ್ತು ವರ್ಷ ಅವಳಿಗೆ. ಅವನು ಆ ಇಬ್ಬರಲ್ಲಿ ಒಬ್ಬ ಆಗಿದ್ರೆ?"

ಹೆದರಿಸುವವರು ಎಂದುಕೊಂಡಿದ್ದೆ. ನನಗಿಂತ ಹೆದರಿದ್ದರು. ಇದು ತಿಳಿದ ಮೇಲಾದರೂ ನಿದ್ದೆ ಬರಬೇಕಿತ್ತು.

ಫೆಬ್ರವರಿ 27
ಅನುಮತಿ ಪಡೆದು ಬಾಲಮಂದಿರಕ್ಕೆ ಹೋದೆ. ಆ ಹುಡುಗನನ್ನು ನೋಡದೆ ಇರಲಾಗಲಿಲ್ಲ. ಬಡಗಿ ಕೆಲಸ ಕಲಿಯುತ್ತಿದ್ದಾನೆ. ಉಗುರು ಕಚ್ಚಿ ಕಚ್ಚಿ ಬೆರಳ ತುದಿಯೆಲ್ಲ ಕೆಂಪು. ಕೇಳಿದ್ದಕ್ಕೆಲ್ಲ ಹೂಂ, ಉಹೂಂ. ನಾನು ಏಳುವಾಗ ಅವನೇ ಬಾಯಿಬಿಟ್ಟ.

"ಆ ಆಂಟಿ ಮಗಳು ಸ್ಕೂಲಿಗೆ ಹೋಗ್ತಾಳಾ?"

"ಯಾಕಪ್ಪಾ?"

"ಸುಮ್ನೆ."

ನೊಂದು ಕೇಳಿದನೋ, ತಿಳಿದಿಟ್ಟುಕೊಳ್ಳಲು ಕೇಳಿದನೋ... ಇಂಥ ಹುಡುಗರ ಬಗ್ಗೆಯೇ ಪಿಎಚ್‌ಡಿ ಮಾಡಿದ್ದೇನೆ. ಗೊತ್ತಾಗಲಿಲ್ಲ.

ಡ್ರೈವರ್‌ಗೆ ಇದನ್ನು ಹೇಳಲಾರೆ.

ಮಾರ್ಚ್ 14
ಸಮಿತಿ. ಆ ಇಬ್ಬರ ವಿಷಯ ನಾನೇ ಎತ್ತಿದೆ. ಡೈರೆಕ್ಟರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

"ಅಂದ್ರೆ ಅಪಾಯ ಇದೆ ಅಂತ ನೀವೇ ಒಪ್ಕೋತೀರಿ?" ಎಂದರು ಸದಸ್ಯರೊಬ್ಬರು.

"ಇದೆ. ಜೈಲಿಗೆ ಹಾಕಿದ್ರೆ ಅದರ ಮೂರು ಪಟ್ಟು ಇದೆ. ಬಿಟ್ಟ ಮೇಲೆ ಎರಡು ವರ್ಷ ಒಬ್ಬ ಅಧಿಕಾರಿ ಪ್ರತಿ ವಾರ ಹೋಗಿ ನೋಡ್ಬೇಕು. ನೊಂದವರ ಮನೆಗೂ ಹೋಗ್ಬೇಕು. ಅಷ್ಟು ಮಾಡಿದ್ರೆ ಇಬ್ಬರು ಒಬ್ಬರಾಗಬಹುದು."

ಹಿಂದೆ ಸಾರ್ವಜನಿಕರ ಸಾಲಿನಲ್ಲಿ ಡ್ರೈವರ್, ಡ್ಯೂಟಿ ಬಟ್ಟೆಯಲ್ಲೇ. ಬರೀ ನೆಲ ನೋಡುತ್ತಿದ್ದರು.

ಏಪ್ರಿಲ್ 22
ಗೆದ್ದೆವಂತೆ. ಜೈಲಿಗೆ ಸಾಗಿಸುವುದಿಲ್ಲ. ಹೊಸ ನೀತಿಯಲ್ಲಿ ನನ್ನ ವಾಕ್ಯಗಳೇ, ಒಂದಕ್ಷರ ಬದಲಾಗದೆ. ಆಫೀಸಿನಲ್ಲಿ ಚಪ್ಪಾಳೆ, ಕೇಕ್. ವಾರವಾರ ಹೋಗುವ ಅಧಿಕಾರಿಯ ಪ್ಯಾರಾ ಮಾತ್ರ ಇಲ್ಲ.

"ಒಂದೇ ಸಲಕ್ಕೆ ಎಲ್ಲಾ ಆಗಲ್ಲಮ್ಮ. ಮುಂದಿನ ವರ್ಷ ನೋಡೋಣ," ಎಂದರು ಡೈರೆಕ್ಟರ್.

ಕೇಕ್ ತಟ್ಟೆಯಲ್ಲೇ ಬಿಟ್ಟೆ. ಅರ್ಧ ಸೇತುವೆ ಕಟ್ಟಿ ಮಕ್ಕಳಿಗೆ ದಾಟಿ ಎಂದಂತೆ.

ಮರುವರ್ಷ, ನವೆಂಬರ್ 19
ಡ್ರೈವರ್ ಫೋನ್. ಈ ಸಲ ಮಾತಾಡಿದರು.

"ಬಂದಿದಾನೆ ಮೇಡಂ. ಬೆಳಿಗ್ಗೆ ಬಿಟ್ಟರಂತೆ. ನನಗೆ ರಜಾ ಸಿಗ್ತಿಲ್ಲ. ಸ್ಕೂಲ್ ಮುಗಿಸ್ಕೊಂಡು ಬಂದ್ರೆ ಮಗಳು ಒಬ್ಬಳೇ... ನೀವು ಬಂದಿರ್ತೀರಾ? ಬೇರೆ ಯಾರನ್ನ ಕೇಳಲಿ ಹೇಳಿ."

ಬೇಡ ಎನ್ನಲು ಯಾವ ಮುಖವಿದೆ?

ನವೆಂಬರ್ 21, ಸಂಜೆ
ಅವರ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿಗೆಲ್ಲ ಪರದೆ. ಗೋಡೆಯ ಫೋಟೋದಲ್ಲಿ ಹುಡುಗಿಯ ತಾಯಿ, ಅಂಗಡಿಯ ಬಿಳಿ ಕೋಟಿನಲ್ಲಿ ನಗುತ್ತ. ಹುಡುಗಿ ಭಾಗಾಕಾರ ಮಾಡುತ್ತಿದ್ದಾಳೆ.

"ಆಂಟಿ, ಅವನನ್ನ ಆಚೆ ಬಿಡಿಸಿದ್ದು ನೀವೇ ಅಲ್ವಾ?"

"ಹೂಂ ಪುಟ್ಟಿ."

"ಮತ್ತೆ ನಿಮಗ್ಯಾಕೆ ಭಯ?"

ಅವಳ ಲೆಕ್ಕದ ಪುಸ್ತಕ ನನ್ನತ್ತ ಎಳೆದುಕೊಂಡೆ —

ಗೇಟಿನ ಸದ್ದು. ಪರದೆ ಸರಿಸಿ ನೋಡಿದೆ. ಅವನೇ. ಎತ್ತರವಾಗಿದ್ದಾನೆ. ಒಂದು ಕೈ ಜಾಕೆಟ್ ಜೇಬಿನಲ್ಲಿ.

ಮಗುವನ್ನು ಒಳಕೋಣೆಗೆ ಕಳಿಸಿ ಚಿಲಕ ಹಾಕಿಸಿದೆ. ಪೊಲೀಸರಿಗೆ ಫೋನ್ ಮಾಡಿದೆ, ಬರುತ್ತಾರಂತೆ. ಅವರು ಬರುವ ತನಕ ಕಂಡದ್ದನ್ನೆಲ್ಲ ಬರೆದಿಡುತ್ತೇನೆ.

ಬೆಲ್.

ತೆಗೆಯದಿದ್ದರೆ ಹೊರಟುಹೋದಾನು. ನಾಳೆ ಮತ್ತೆ ಬಂದಾನು — ನಾನಿಲ್ಲದ ಹೊತ್ತಿಗೆ.

ಮತ್ತೆ ಬೆಲ್. ಏನೋ ಹೇಳುತ್ತಿದ್ದಾನೆ, ಕೇಳಿಸುತ್ತಿಲ್ಲ. ಸರಪಳಿ ಹಾಕಿಯೇ ತೆಗೆಯುತ್ತೇನೆ. ಒಂದು ಗೇಣು ಸಾಕು, ಮುಖ ಕಂಡರೆ...

ಇಲ್ಲ. ಸರಪಳಿ ಹಾಕಿದರೆ ನಾನು ಅಷ್ಟು ಜನರ ಮುಂದೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಸರಪಳಿ ಇಲ್ಲದೆಯೇ ತೆಗೆಯುತ್ತೇನೆ.